ತೀವ್ರ ನಿಗಾ ಕೊಠಡಿಯ ಬಾಗಿಲು ತಾಯಿಗೆ ತೆರೆಯಲಿ

(ಗಿರಣಿ ಕಾರ್ಮಿಕರು ಮತ್ತು ಪೇಟೆಯ ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣದ ಪಾಠ)



ಇಂದಿನ ಸಭೆಯ ವಿಷಯ ಕೇಳಿ ಕೆಲವರು ಹುಬ್ಬೇರಿಸಿದ್ದಾರೆಂದು ಬಲ್ಲೆವು. ತುಟ್ಟಿಭತ್ಯ, ಬೋನಸ್ಸು, ಗುತ್ತಿಗೆ ಕೂಲಿ, ಅಂಗಡಿಯ ತೆರಿಗೆ, ಇವನ್ನೆಲ್ಲ ಬದಿಗಿಟ್ಟು ಪಕ್ಷದವರು ಮಕ್ಕಳ ಆಸ್ಪತ್ರೆಯ ಮಾತೆತ್ತಿದ್ದೇಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಸಂಘದ ಲೆಕ್ಕದ ಪುಸ್ತಕದಲ್ಲೇ ಇದೆ. ನಮ್ಮ ಜನ ಸಾಲಕ್ಕೆ ಬೀಳುವುದು ಎರಡು ಹೊತ್ತಿನಲ್ಲಿ: ಮದುವೆಯಲ್ಲಿ ಮತ್ತು ಕಾಯಿಲೆಯಲ್ಲಿ. ಮದುವೆಯ ಸಾಲಕ್ಕೆ ಬುದ್ಧಿ ಹೇಳಬಹುದು. ಮಗು ಉಸಿರಿಗೆ ಒದ್ದಾಡುತ್ತಿರುವಾಗ ಮಾಡಿದ ಸಾಲಕ್ಕೆ ಯಾರು ಬುದ್ಧಿ ಹೇಳಬಲ್ಲರು?

ಆದರೆ ಇಂದು ನಾವು ಹಣದ ಮಾತನ್ನಷ್ಟೇ ಆಡಲು ಬಂದಿಲ್ಲ. ತೀವ್ರ ನಿಗಾ ಕೊಠಡಿ, ಜನ ಐ.ಸಿ.ಯು. ಎನ್ನುವ ಆ ಕೊಠಡಿಯ ಬಾಗಿಲ ಒಳಗೆ ಮಗು ಹೇಗಿರುತ್ತದೆ, ಹೊರಗೆ ತಾಯಿತಂದೆ ಹೇಗಿರುತ್ತಾರೆ, ಎರಡರ ನಡುವಿನ ಆ ಬಾಗಿಲು ಮುಚ್ಚಿಯೇ ಇರಬೇಕೆ ಎಂಬುದನ್ನು ವಿಚಾರ ಮಾಡಲು ಬಂದಿದ್ದೇವೆ.

2020ನೆಯ ಇಸವಿಯೊಂದರಲ್ಲೇ ಲೋಕದಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ದಿನ ತುಂಬುವ ಮೊದಲೇ ಹುಟ್ಟಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಯಾವ ದೇಶದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. ಇವುಗಳಲ್ಲಿ ಬಹಳಷ್ಟು ಕೂಸುಗಳು ಹುಟ್ಟಿದ ದಿನವೇ ತಾಯಿಯನ್ನು ಬಿಟ್ಟು ಗಾಜಿನ ಪೆಟ್ಟಿಗೆಗೆ ಹೋಗುತ್ತವೆ. ಇದಲ್ಲದೆ ನ್ಯುಮೋನಿಯಾ, ಡೆಂಗ್ಯೂ, ಹಾವಿನ ಕಡಿತ, ಸುಟ್ಟ ಗಾಯಗಳಿಂದ ಬರುವ ದೊಡ್ಡ ಮಕ್ಕಳು ಬೇರೆ. ಇದು ಯಾರದೋ ಮನೆಯ ಮಾತಲ್ಲ, ನಮ್ಮ ಓಣಿಯ ಮಾತು.

ಸಂಘದ ಕೆಲಸಕ್ಕಾಗಿ ನಾವು ಹಲವು ಆಸ್ಪತ್ರೆಗಳ ಬಾಗಿಲಲ್ಲಿ ರಾತ್ರಿ ಕಳೆದಿದ್ದೇವೆ. ಒಂದನ್ನು ಮಾತ್ರ ಹೇಳುತ್ತೇವೆ, ಆಸ್ಪತ್ರೆಯ ಹೆಸರು ಬೇಡ. ನೂಲುವ ಖಾತೆಯ ಸಂಗಾತಿಯೊಬ್ಬರ ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕೂಸನ್ನು ಒಳಗೆ ಒಯ್ದರು. ಆ ತಾಯಿ ಒಂಬತ್ತು ದಿನ ತನ್ನ ಕೂಸನ್ನು ಮುಟ್ಟಲಿಲ್ಲ. ದಿನಕ್ಕೊಮ್ಮೆ ಗಾಜಿನಾಚೆಯಿಂದ ನೋಡುವುದು, ಲೋಟದಲ್ಲಿ ಹಾಲು ಹಿಂಡಿ ಒಳಗೆ ಕಳಿಸುವುದು, ಮೆಟ್ಟಿಲ ಕೆಳಗೆ ಚಾಪೆ ಹಾಸಿ ಮಲಗುವುದು. ಗಂಡ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದರೆ ಡಾಕ್ಟರು ನೋಡಿ ಹೋಗಿಯಾಗಿರುತ್ತಿತ್ತು. ಕೇಳಿದರೆ ಕಾವಲುಗಾರ ಹೇಳುವುದು ಒಂದೇ ಮಾತು: “ಇನ್ನೂ ಸೀರಿಯಸ್ಸೇ.” ಸಹಿ ಹಾಕಿಸಿಕೊಂಡ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಕೂಸು ಬದುಕಿತು. ಆದರೆ ಅದನ್ನು ಕೈಗೆ ಕೊಟ್ಟ ದಿನ ಎತ್ತಿಕೊಳ್ಳಲು ತಾಯಿಗೇ ಹೆದರಿಕೆ. ಹಾಲು ಆಗಲೇ ಬತ್ತಿತ್ತು. ಇಲ್ಲಿ ಯಾರೂ ಕ್ರೂರಿಗಳಾಗಿರಲಿಲ್ಲ. ಡಾಕ್ಟರು ದುಡಿದರು, ದಾದಿಯರು ದುಡಿದರು. ವ್ಯವಸ್ಥೆಯೇ ಹಾಗೆ ಕಟ್ಟಲ್ಪಟ್ಟಿತ್ತು.

ಆ ವ್ಯವಸ್ಥೆ ಎಲ್ಲಿಂದ ಬಂತು? ಸ್ವಲ್ಪ ಇತಿಹಾಸ ನೋಡೋಣ.

1952ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಬಡಿಯಿತು. ಉಸಿರಾಟದ ಶಕ್ತಿ ಕುಂದಿದವರನ್ನು ಬ್ಲೆಗ್ಡಾಮ್ ಆಸ್ಪತ್ರೆಗೆ ತಂದರು. ಯಂತ್ರಗಳು ಕೆಲವೇ ಇದ್ದುವು, ಇದ್ದುವುಗಳಿಂದಲೂ ಹೆಚ್ಚು ಫಲ ಸಿಗಲಿಲ್ಲ. ಮೊದಲ 31 ರೋಗಿಗಳಲ್ಲಿ 27 ಮಂದಿ ಮೂರೇ ದಿನಗಳೊಳಗೆ ಸತ್ತರು. ಆಗ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಅದುಮಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಆ ಮೇಲೆ ಸುಮಾರು 1500 ಮಂದಿ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ಹಗಲಿರುಳೂ ತಿಂಗಳುಗಟ್ಟಲೆ ಚೀಲ ಅದುಮಿ ಜೀವಗಳನ್ನು ಉಳಿಸಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಕೊಠಡಿ ಹುಟ್ಟಿದ್ದು ಹೀಗೆ. ಗಿರಣಿಯ ಸಂಗಾತಿಗಳು ಇದನ್ನು ನೆನಪಿನಲ್ಲಿಡಬೇಕು. ಆ ಕೊಠಡಿಯ ಮೊದಲ ಯಂತ್ರ ಮನುಷ್ಯನ ಕೈ. ಮೊದಲ ಕಾನೂನು ಹಾಸಿಗೆಯ ಪಕ್ಕದಲ್ಲಿ ಒಬ್ಬ ಮನುಷ್ಯ ಸದಾ ಇರಬೇಕೆಂಬುದು.

ಅದೇ 1952ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಒಂದು ಚಲನಚಿತ್ರ ತೆಗೆದು ತೋರಿಸಿದರು. ಎರಡು ವರ್ಷದ ಹೆಣ್ಣು ಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ಒಂಟಿಯಾಗಿ ಕಳೆದುದಷ್ಟೇ ಅದರ ಕಥೆ. ಆ ಕಾಲದ ಇಂಗ್ಲೆಂಡಿನಲ್ಲಿ ತಾಯಿತಂದೆ ವಾರಕ್ಕೊಮ್ಮೆಯೋ ಎರಡು ಬಾರಿಯೋ ಒಂದೆರಡು ಗಂಟೆ ಬಂದು ನೋಡಬಹುದಾಗಿತ್ತು. ಕೆಲವು ಆಸ್ಪತ್ರೆಗಳಲ್ಲಿ ಅದೂ ಇಲ್ಲ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದಕಾರಣ ಬಾರದಿರುವುದೇ ಲೇಸು ಎಂಬುದು ಆಗಿನ ತರ್ಕ. ಸುಮ್ಮನಿರುವ ಮಗು ಸಮಾಧಾನಗೊಂಡ ಮಗುವಲ್ಲ, ಆಸೆ ಬಿಟ್ಟ ಮಗು ಎಂದು ರಾಬರ್ಟ್‌ಸನ್ ತೋರಿಸಿದರು. ವೈದ್ಯರ ಸಭೆಯಲ್ಲಿ ಅನೇಕರು ಕೆರಳಿದರು. ಆದರೂ ಸತ್ಯ ನಿಂತಿತು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಸಮಿತಿಯ ವರದಿ ಬಂದು, ಮಕ್ಕಳ ವಾರ್ಡಿಗೆ ತಾಯಿತಂದೆ ಯಾವಾಗ ಬೇಕಾದರೂ ಬರಬಹುದಾಗಬೇಕು, ಎಳೆಯ ಮಕ್ಕಳೊಡನೆ ತಾಯಿಯನ್ನೂ ಸೇರಿಸಿಕೊಳ್ಳಬೇಕು ಎಂದು ಹೇಳಿತು. ವರದಿ ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1961ರಲ್ಲಿ ತಾಯಂದಿರೇ ಸಂಘ ಕಟ್ಟಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೇಳಬೇಕಾಯಿತು. ಇದನ್ನು ಒತ್ತಿ ಹೇಳುತ್ತೇವೆ: ವರದಿ ಸರ್ಕಾರದ್ದು, ಬಾಗಿಲು ತೆರೆಸಿದ್ದು ಸಂಘ.

ಎಳೆಗೂಸುಗಳ ವಿಷಯದಲ್ಲಿ ಇನ್ನೊಂದು ಅನ್ಯಾಯವಿತ್ತು. ನವಜಾತ ಶಿಶುವಿಗೆ ನೋವು ಅಷ್ಟಾಗಿ ತಿಳಿಯದೆಂದು ಭಾವಿಸಿ, ಎದೆ ಸೀಳುವ ಶಸ್ತ್ರಚಿಕಿತ್ಸೆಯನ್ನು ಸಹ ತಕ್ಕಷ್ಟು ಅರಿವಳಿಕೆಯಿಲ್ಲದೆ ಮಾಡುವ ಪದ್ಧತಿ 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ಇತ್ತು. ಇಂದೋರಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ ನಮ್ಮ ದೇಶದ ವೈದ್ಯ ಕನ್ವಲ್‌ಜೀತ್ ಆನಂದ್ ಅವರು 1987ರಲ್ಲಿ ತಮ್ಮ ಪ್ರಯೋಗದ ಫಲ ಪ್ರಕಟಿಸಿದರು. ನೋವು ತಡೆಯುವ ಔಷಧಿ ಕೊಟ್ಟ ಶಿಶುಗಳ ದೇಹ ಕಡಿಮೆ ಹಿಂಸೆಪಟ್ಟಿತು, ಅವುಗಳಿಗೆ ತೊಡಕುಗಳೂ ಕಡಿಮೆಯಾದುವು. ಮಾತು ಬಾರದವನ ನೋವು ನೋವೇ ಅಲ್ಲವೆಂದು ತೀರ್ಮಾನಿಸುವುದು ಎಷ್ಟು ಸುಲಭವೆಂಬುದು ದುಡಿಯುವ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾಗಿಲು ತೆರೆದ ಕಡೆ ಏನಾಯಿತು ನೋಡೋಣ.

ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1978ರ ವೇಳೆಗೆ ಕೂಸುಗಳು ಹೆಚ್ಚು, ಬೆಚ್ಚಗಿಡುವ ಪೆಟ್ಟಿಗೆಗಳು ಕಡಿಮೆ. ಎಡ್ಗರ್ ರೇ ಎಂಬ ವೈದ್ಯರು ಸಣ್ಣ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ಬಡವರ ಪರಿಹಾರವೆಂದು ಬಹಳ ಕಾಲ ಇದನ್ನು ಕೀಳಾಗಿ ಕಂಡರು. ಈಗ ಲೆಕ್ಕ ಕೇಳಿ. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಈ ಐದು ದೇಶಗಳ ಆಸ್ಪತ್ರೆಗಳಲ್ಲಿ 3211 ಕೂಸುಗಳ ಮೇಲೆ ನಡೆದ ಪ್ರಯೋಗದ ವರದಿ 2021ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಇದು ನಡೆದದ್ದು ದಿಲ್ಲಿಯ ಸಫ್ದರ್‌ಜಂಗ್ ಸರ್ಕಾರಿ ಆಸ್ಪತ್ರೆಯಲ್ಲಿ. ಎಲ್ಲ ಕೂಸುಗಳೂ 1 ಕಿಲೋದಿಂದ 1.8 ಕಿಲೋದೊಳಗಿನವು. ಒಂದು ಗುಂಪಿನಲ್ಲಿ ಹಳೆಯ ರೀತಿ: ಮೊದಲು ಪೆಟ್ಟಿಗೆ, ಸುಧಾರಿಸಿದ ಮೇಲೆ ತಾಯಿ. ಇನ್ನೊಂದರಲ್ಲಿ ತಾಯಿಯ ಮಂಚವನ್ನೇ ನಿಗಾ ಕೊಠಡಿಯೊಳಗೆ ಹಾಕಿ, ಹುಟ್ಟಿದ ಕೂಡಲೇ ಎದೆಗೆ, ದಿನಕ್ಕೆ ಸುಮಾರು 17 ಗಂಟೆ. ಹಳೆಯ ರೀತಿಯಲ್ಲಿ 28 ದಿನಗಳೊಳಗೆ ಸತ್ತವು ನೂರಕ್ಕೆ 15.7, ತಾಯಿ ಒಳಗಿದ್ದ ಕಡೆ 12. ಅಂದರೆ ಇಂತಹ ಪ್ರತಿ 27 ಕೂಸುಗಳಲ್ಲಿ ಒಂದು ಹೆಚ್ಚಾಗಿ ಬದುಕಿತು. ಹಳೆಯ ರೀತಿಯನ್ನು ಇನ್ನೂ ಮುಂದುವರಿಸುವುದು ತಪ್ಪಾದೀತೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು. ತಾಯಿಯನ್ನು ಒಳಗೆ ಬಿಡುವುದು ದಯೆಯ ಕೆಲಸವೆಂದು ತಿಳಿದವರು ಗಮನಿಸಬೇಕು, ಅದೇ ಚಿಕಿತ್ಸೆ.

ಡಾಕ್ಟರ್ ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಎಷ್ಟೋ ಸಲ ಆಡುತ್ತಿದ್ದರು. ಬಡ ದೇಶದ ಕೈಗೆಟಕುವ, ಹಳ್ಳಿಯಲ್ಲೂ ನಡೆಯುವ ಸಾಧನ ಬೇಕೆಂಬುದು ಅವರ ವಾದ. ಅವರ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ನಮ್ಮ ನಾಡಿನಲ್ಲಿ ಬಂಧನಕ್ಕೊಳಗಾದ ಲೋಹಿಯಾ, 1967ರ ಅಕ್ಟೋಬರ್ 12ರಂದು ಶಸ್ತ್ರಚಿಕಿತ್ಸೆಯ ತರುವಾಯ ತೀರಿಕೊಂಡದ್ದು ದಿಲ್ಲಿಯ ಸರ್ಕಾರಿ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆ ಇಂದು ಅವರದೇ ಹೆಸರಿನಲ್ಲಿದೆ. ಅಲ್ಲಿಯ ನವಜಾತ ಶಿಶು ವಿಭಾಗದಲ್ಲಿ ಡಾಕ್ಟರ್ ಆರತಿ ಮಾರಿಯಾ ಮತ್ತು ಅವರ ಸಂಗಡಿಗರು ಹೊಸ ಪದ್ಧತಿ ಆರಂಭಿಸಿದರು. ತಾಯಿ, ತಂದೆ, ಅಜ್ಜಿ, ಯಾರಾದರೂ ಒಬ್ಬರಿಗೆ ಪಾಠ: ಕೈ ತೊಳೆಯುವುದು, ಬಟ್ಟೆ ಬದಲಿಸಿ ಒಳಬರುವುದು, ಕೂಸನ್ನು ಮುಟ್ಟುವುದು, ಹಾಲುಣಿಸುವುದು, ಎದೆಗಪ್ಪುವುದು, ಅಪಾಯದ ಗುರುತು ಹಿಡಿಯುವುದು, ಮನೆಗೆ ಹೋದ ಮೇಲೆ ನೋಡಿಕೊಳ್ಳುವುದು. ಅಕ್ಷರ ಬಾರದವರಿಗೂ ತಿಳಿಯಲೆಂದು ಚಿತ್ರ ತೋರಿಸಿ ಹೇಳಿಕೊಟ್ಟರು. ಆಮೇಲೆ ಆ ಮನೆಯವರು ದಾದಿಯರ ಕಣ್ಣೆದುರಿಗೇ ಕೂಸಿನ ಆರೈಕೆ ಮಾಡತೊಡಗಿದರು.

ಹೊರಗಿನವರು ಒಳಬಂದರೆ ಸೋಂಕು ಹರಡೀತು ಎಂಬುದು ಬಾಗಿಲು ಮುಚ್ಚುವವರ ದೊಡ್ಡ ಆಕ್ಷೇಪ. ಆಕ್ಷೇಪ ಹುರುಳಿಲ್ಲದ್ದಲ್ಲ, ಎಳೆಗೂಸಿಗೆ ಸೋಂಕೇ ಶತ್ರು. ಅದಕ್ಕಾಗಿಯೇ ಅದೇ ಆಸ್ಪತ್ರೆಯಲ್ಲಿ ಎರಡು ಗುಂಪು ಮಾಡಿ ನೋಡಿದರು. 2017ರಲ್ಲಿ ಪ್ರಕಟವಾದ ಫಲ ಹೀಗಿದೆ: ತರಬೇತಿ ಪಡೆದ ಮನೆಯವರು ಒಳಬಂದ ಕಡೆ ಆಸ್ಪತ್ರೆಯ ಸೋಂಕು ಹೆಚ್ಚಲಿಲ್ಲ, ಬರಿಯ ತಾಯಿ ಹಾಲಿನ ಮೇಲೆ ಮನೆಗೆ ಹೋದ ಕೂಸುಗಳು ಹೆಚ್ಚಾದುವು. ಅದೇ ವರ್ಷ ಕೇಂದ್ರ ಸರ್ಕಾರ ಈ ‘ಕುಟುಂಬ ಸಹಭಾಗಿ ಆರೈಕೆ’ಗೆ ಮಾರ್ಗದರ್ಶಿ ಹೊರಡಿಸಿತು. ಆದಕಾರಣ ನಮ್ಮ ಜಿಲ್ಲೆಯಲ್ಲಿ ಬಾಗಿಲು ತೆರೆಯಿರೆಂದು ಕೇಳುವಾಗ ನಾವು ಹೊಸ ನಿಯಮವೊಂದನ್ನೂ ಕೇಳುತ್ತಿಲ್ಲ, ಬರೆದಿಟ್ಟಿರುವುದನ್ನು ನಡೆಸಿರೆಂದಷ್ಟೇ ಕೇಳುತ್ತಿದ್ದೇವೆ. ದಿಲ್ಲಿಯಲ್ಲಾದದ್ದು ಇಲ್ಲಿ ಆಗದೆನ್ನುವವರು ಕೊಪ್ಪಳದ ಕಡೆ ನೋಡಲಿ. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ಅಲ್ಲಿ ನಡೆದು, ಹಿಂದುಳಿದ ಜಿಲ್ಲೆಯೆಂಬ ಹೆಸರು ಅದಕ್ಕೆ ಅಡ್ಡಿಯಾಗಲಿಲ್ಲ.

ಈಗ ಸಮಾಜವಾದಿಗಳಾಗಿ ನಾವು ಒಂದು ಎಚ್ಚರಿಕೆ ಹೇಳಬೇಕು. ಎಸ್ಟೋನಿಯಾದ ತಾಲ್ಲಿನ್ ನಗರದಲ್ಲಿ ಆದಿಕ್ ಲೆವಿನ್ ಎಂಬ ವೈದ್ಯರು 1979ರಲ್ಲೇ ತಾಯಂದಿರನ್ನು ಒಳಗೆ ತಂದಿದ್ದರು. ಕಾರಣ, ದಾದಿಯರ ಕೊರತೆ. ಕೆಲಸ ಚೆನ್ನಾಗಿ ನಡೆಯಿತು. ಅದನ್ನು ನೋಡಿ ಕಲಿತ ಕೆನಡದವರು ಮುಂದೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ 26 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಮನೆಯವರು ಆರೈಕೆಯಲ್ಲಿ ಪಾಲ್ಗೊಂಡ ಕೂಸುಗಳ ತೂಕ ಚೆನ್ನಾಗಿ ಏರಿತು. ಇದೆಲ್ಲ ಸರಿ. ಆದರೆ ನಮ್ಮ ಸರ್ಕಾರಗಳ ಗುಣ ನಮಗೆ ಗೊತ್ತು. “ತಾಯಿ ಇದ್ದಾಳಲ್ಲ, ದಾದಿ ಏಕೆ?” ಎಂಬ ಮಾತು ನಾಳೆಯೇ ಹುಟ್ಟೀತು. ಗಿರಣಿಯಲ್ಲಿ ಒಬ್ಬನ ಕೈಗೆ ಎರಡು ಮಗ್ಗ ಕೊಟ್ಟು ಇನ್ನೊಬ್ಬನನ್ನು ಮನೆಗೆ ಕಳಿಸಿದ ಕಥೆ ಇದು. ನಿನ್ನೆ ಹೆತ್ತ ಹೆಂಗಸು ಕೂಲಿಯಿಲ್ಲದ ದಾದಿಯಲ್ಲ. ತಾಯಿ ಒಳಬರುವುದು ದಾದಿಯ ಜೊತೆಗೆ, ದಾದಿಯ ಬದಲಿಗಲ್ಲ. ಒಬ್ಬ ದಾದಿಯ ತಲೆಯ ಮೇಲೆ ಹತ್ತು ಕೂಸುಗಳ ಹೊರೆ ಹೇರಿ, ಆಕೆ ನಗುನಗುತ್ತ ಮಾತಾಡಲಿಲ್ಲವೆಂದು ದೂರುವುದು ಸಹ ನ್ಯಾಯವಲ್ಲ. ದಾದಿಯೂ ಪಾಳಿಯ ಕೆಲಸದವಳು, ನಮ್ಮವಳು. ಆಸ್ಪತ್ರೆಯಲ್ಲಿ ಮನುಷ್ಯತ್ವ ಬೇಕಾದರೆ ಮೊದಲು ಮನುಷ್ಯರು ಬೇಕು.

ಅದಕ್ಕೂ ಮೊದಲು ಭದ್ರತೆ ಬೇಕು. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದಲ್ಲಿ ಬೆಂಕಿ ಬಿದ್ದು 10 ಕೂಸುಗಳು ಸತ್ತುವು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಹಾಗೆಯೇ 10 ಕೂಸುಗಳು. ವಿದ್ಯುತ್ ತಂತಿ, ಬೆಂಕಿ ಆರಿಸುವ ಸಾಧನ, ಎರಡನೆಯ ಬಾಗಿಲು, ಇವನ್ನು ನೋಡದೆ ಗೋಡೆಯ ಮೇಲೆ ಗೊಂಬೆಗಳ ಚಿತ್ರ ಬರೆಸಿದರೆ ಅದನ್ನು ಮಕ್ಕಳ ಸ್ನೇಹಿ ಆಸ್ಪತ್ರೆ ಎನ್ನಲಾಗದು.

ಮಾತು ಬಲ್ಲ ಮಕ್ಕಳ ವಿಷಯವನ್ನೂ ಹೇಳಬೇಕು. ಐದಾರು ವರ್ಷದ ಮಗುವಿಗೆ ಸೂಜಿ ಚುಚ್ಚುವ ಮೊದಲು ಚುಚ್ಚುತ್ತೇವೆಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಕೈಕಾಲು ಕಟ್ಟುವ ಬದಲು ತಾಯಿಯ ತೊಡೆಯ ಮೇಲೆ ಕೂರಿಸಿಕೊಂಡರೆ ಅರ್ಧ ಹೋರಾಟ ಕಡಿಮೆ. ರಾತ್ರಿ ದೀಪ ತಗ್ಗಿಸುವುದು, ಜೋರು ಮಾತು ನಿಲ್ಲಿಸುವುದು, ಯಂತ್ರದ ಗಂಟೆ ಬಡಿದ ಕೂಡಲೇ ನೋಡಿ ನಿಲ್ಲಿಸುವುದು, ಮಗು ಅಪ್ಪಿಕೊಂಡು ಬಂದ ಹಳೆಯ ಬಟ್ಟೆಯನ್ನೋ ಗೊಂಬೆಯನ್ನೋ ಕಿತ್ತುಕೊಳ್ಳದಿರುವುದು, ಇವಕ್ಕೆ ಯಾವ ಬಜೆಟ್ಟೂ ಬೇಕಾಗಿಲ್ಲ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಬಲ್ಲೆವು, ಮಗು ನೋವನ್ನು ತಾಳುತ್ತದೆ, ಮೋಸವನ್ನು ತಾಳುವುದಿಲ್ಲ.

ಉಳಿಯದ ಮಕ್ಕಳೂ ಇವೆ. ಎಂಥ ಡಾಕ್ಟರಿದ್ದರೂ ಕೆಲವು ಮಕ್ಕಳು ಸಾಯುತ್ತವೆ. ಆ ಹೊತ್ತಿನಲ್ಲಿ ತಾಯಿತಂದೆ ಹೊರಗೆ, ಮಗು ಒಳಗೆ ಅಪರಿಚಿತರ ನಡುವೆ ಇರುವುದು ಯಾವ ವಿಜ್ಞಾನಕ್ಕೂ ಬೇಕಾಗಿಲ್ಲ. ಕೊನೆಯ ಗಳಿಗೆಯಲ್ಲಿ ಅಪ್ಪಿಕೊಳ್ಳಲು ಬಿಡಬೇಕು. ಸುದ್ದಿಯನ್ನು ಕಾವಲುಗಾರ ಹೇಳಬಾರದು, ಡಾಕ್ಟರೇ ಕುಳಿತು, ಕನ್ನಡದಲ್ಲೋ ಉರ್ದುವಿನಲ್ಲೋ ತೆಲುಗಿನಲ್ಲೋ, ಆ ಮನೆಯವರ ಮಾತಿನಲ್ಲಿ ಹೇಳಬೇಕು. ಬಿಲ್ಲು ಬಾಕಿಯೆಂದು ಹೆಣವನ್ನು ತಡೆಹಿಡಿಯುವ ಖಾಸಗಿ ಆಸ್ಪತ್ರೆಗಳಿದ್ದರೆ ಅವರಿಗೆ 2017ರಲ್ಲಿ ತಿದ್ದುಪಡಿಯಾದ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ನು ತೋರಿಸಿ. ದೇಹವನ್ನು ಮೊದಲು ಒಪ್ಪಿಸಬೇಕು, ಬಾಕಿಯ ಮಾತು ಆಮೇಲೆ.

ಕೊನೆಯದಾಗಿ ಕೂಲಿಯ ಪ್ರಶ್ನೆ. ಬಾಗಿಲು ತೆರೆದರೂ ಒಳಗೆ ಹೋಗಲು ಬಡವನಿಗೆ ಬಿಡುವೆಲ್ಲಿ? ತಾಯಿಯ ಹೆರಿಗೆ ರಜೆ 1961ರ ಕಾನೂನಿನಲ್ಲಿ 12 ವಾರವಿದ್ದದ್ದು 2017ರಲ್ಲಿ 26 ವಾರವಾಯಿತು. ಗುತ್ತಿಗೆಯ ಹೆಣ್ಣಾಳಿಗೆ, ಬೀಡಿ ಕಟ್ಟುವವಳಿಗೆ ಅದು ಎಷ್ಟರ ಮಟ್ಟಿಗೆ ಸಿಕ್ಕುತ್ತದೆಂಬುದು ನಿಮಗೇ ಗೊತ್ತು. ಕೇಂದ್ರ ಸರ್ಕಾರದ ಗಂಡು ನೌಕರನಿಗೆ 15 ದಿನ ಪಿತೃತ್ವ ರಜೆಯಿದೆ, ಗಿರಣಿಯ ತಂದೆಗೆ ಅಂತಹ ಕಾನೂನಿಲ್ಲ. ಇ.ಎಸ್.ಐ.ಯ ಅನಾರೋಗ್ಯ ಭತ್ಯ ಕಾರ್ಮಿಕನ ಸ್ವಂತ ಕಾಯಿಲೆಗೆ ಮಾತ್ರ, ಮಗುವಿನ ಕಾಯಿಲೆಗಲ್ಲ. ಸಣ್ಣ ಅಂಗಡಿಯವನ ಗತಿಯೂ ಬೇರೆಯಲ್ಲ. ಬಾಗಿಲು ಹಾಕಿದ ದಿನ ಅವನಿಗೆ ಸಂಪಾದನೆಯಿಲ್ಲ, ಬಾಡಿಗೆ ಮಾತ್ರ ಓಡುತ್ತದೆ. ಆದಕಾರಣ ಈ ವಿಷಯದಲ್ಲಿ ಗಿರಣಿಗೂ ಪೇಟೆಗೂ ಒಂದೇ ದಾರಿ.

ನಮ್ಮ ಬೇಡಿಕೆಗಳು ಇವು:

1. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೂ ಮಕ್ಕಳ ತೀವ್ರ ನಿಗಾ ಕೊಠಡಿಗೂ ತಾಯಿ ಅಥವಾ ತಂದೆಗೆ ಹಗಲಿರುಳು ಪ್ರವೇಶವಿರತಕ್ಕದ್ದು. ಕೈ ತೊಳೆಯುವ ನೀರು, ಸಾಬೂನು, ನಿಲುವಂಗಿಗಳನ್ನು ಆಸ್ಪತ್ರೆಯೇ ಒದಗಿಸತಕ್ಕದ್ದು.

2. ಕೂಸು ಒಳಗಿರುವಷ್ಟು ದಿನವೂ ತಾಯಿಗೆ ಮಂಚ, ಊಟ, ಸ್ನಾನದ ಮನೆ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಕೂಸಿನ ಚಿಕಿತ್ಸೆ, ಔಷಧಿ, ವಾಹನ ಉಚಿತವೆಂಬುದನ್ನು ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆಸತಕ್ಕದ್ದು.

3. ದಿನಕ್ಕೊಮ್ಮೆ ನಿಗದಿಯಾದ ಹೊತ್ತಿನಲ್ಲಿ ಡಾಕ್ಟರು ಮನೆಯವರೊಡನೆ ಮಾತಾಡತಕ್ಕದ್ದು. ಪಾಳಿಯವರಿಗೆ ಅನುಕೂಲವಾಗುವಂತೆ ಹೊತ್ತನ್ನು ಗೊತ್ತುಮಾಡಬೇಕು. ಒಪ್ಪಿಗೆಯ ಕಾಗದ ಕನ್ನಡದಲ್ಲಿರಬೇಕು, ಓದಿ ಹೇಳಿದ ಮೇಲೆಯೇ ಸಹಿ.

4. ಖಾಲಿ ಬಿದ್ದಿರುವ ದಾದಿಯರ ಹುದ್ದೆಗಳನ್ನು ಕಾಯಂ ಆಗಿ ತುಂಬಬೇಕು. ಬೆಂಕಿ ಮತ್ತು ವಿದ್ಯುತ್ ತಪಾಸಣೆಯ ವರದಿಯನ್ನು ಜನರಿಗೆ ತೋರಿಸಬೇಕು.

5. ಮಗು ತೀವ್ರ ನಿಗಾದಲ್ಲಿರುವ ಕಾರ್ಮಿಕನಿಗೆ ಸಂಬಳ ಸಹಿತ ರಜೆಯನ್ನು ಮುಂದಿನ ವೇತನ ಒಪ್ಪಂದದಲ್ಲಿ ಸೇರಿಸಬೇಕು. ಇದನ್ನು ಮಾಲೀಕರೊಡನೆ ಕೇಳತಕ್ಕವರು ನಾವೇ.

ಕೆಲಸವನ್ನು ಇಂದೇ ಹಂಚಿಕೊಳ್ಳೋಣ. ಖಾತೆಖಾತೆಗೂ ಇಬ್ಬರಂತೆ, ಪೇಟೆಯ ಪ್ರತಿ ಬೀದಿಗೆ ಒಬ್ಬರಂತೆ ಸಹಿ ಸಂಗ್ರಹಿಸಬೇಕು. ಆಸ್ಪತ್ರೆಯಲ್ಲಿ ಮಕ್ಕಳನ್ನಿಟ್ಟುಕೊಂಡು ಕಾದ ತಾಯಂದಿರೇ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಹೋಗಿ ಮಾತಾಡಬೇಕು, ನಾವು ಹಿಂದೆ ನಿಲ್ಲುತ್ತೇವೆ. ಡಾಕ್ಟರರನ್ನೂ ದಾದಿಯರನ್ನೂ ಎದುರಾಳಿಗಳೆಂದು ತಿಳಿಯಬೇಡಿ. ಅವರಲ್ಲಿ ಅನೇಕರು ಇದನ್ನೇ ಬಯಸುತ್ತಿದ್ದಾರೆ, ಹೊರಗಿನಿಂದ ಒಂದು ದನಿ ಬೇಕೆಂದು ಕಾಯುತ್ತಿದ್ದಾರೆ. ಇಂಗ್ಲೆಂಡಿನ ತಾಯಂದಿರು ಸಂಘ ಕಟ್ಟಿ ಮಾಡಿದ್ದನ್ನು ನಮ್ಮ ಓಣಿಯ ತಾಯಂದಿರು ಮಾಡಲಾರರೆಂದು ನಾವು ನಂಬುವುದಿಲ್ಲ.

ಸಹಿಯ ಹಾಳೆಗಳು ಮೇಜಿನ ಮೇಲಿವೆ. ಹೋಗುವಾಗ ತೆಗೆದುಕೊಂಡು ಹೋಗಿ.